ನೀರಿಗೆ ಬಂದವಳು

"ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ?" ಇವತ್ತು ಸಿಗದವರು ನಾಳೆ ಸಿಕ್ಕೇ ಸಿಗುತ್ತಾರೆ, ಅವಸರ ಬೇಡ ಎನ್ನುವಾಗ ಈ ಗಾದೆ ಬಾಯಿಗೆ ಬರುತ್ತದೆ. ಕಾಯುವವರ ಕಡೆಯಿಂದ ಓದುವ ಈ ಮಾತನ್ನು ಬಂದವಳ ಕಡೆಯಿಂದ ಓದಿದರೆ ಅರ್ಥ ಇನ್ನೂ ಆಳವಾಗುತ್ತದೆ. ಊರಿಗೆ ಬರುವುದು ಒಂದು ದಿನದ ಮಾತು. ನೀರಿಗೆ ಬರುವುದು ದಿನದಿನದ ಕೆಲಸ. ಹೊಸ ಸೊಸೆ ಮೊದಲ ಸಲ ಕೊಡ ಹಿಡಿದು ಬಾವಿಕಟ್ಟೆಗೆ ಬಂದಾಗ "ಯಾರ ಮನೆಯವಳಮ್ಮ?" ಎಂದು ಕೇಳುತ್ತಾರೆ. ಕೆಲವು ತಿಂಗಳ ಮೇಲೆ ಒಂದು ದಿನ ತಪ್ಪಿಸಿದರೆ "ನಿನ್ನೆ ಯಾಕೆ ಬರಲಿಲ್ಲ?" ಎನ್ನುತ್ತಾರೆ. ಆ ಎರಡನೆಯ ಪ್ರಶ್ನೆ ಬಂದ ದಿನ ಅವಳು ಊರಿನವಳಾದಳು. ತನಗೊಪ್ಪುವ ಸಭೆ, ತನ್ನವರೆನ್ನುವ ಜನ ಎಲ್ಲಿದ್ದಾರೆಂದು ಹುಡುಕುವವರಿಗೆ ಗಾದೆ ತಿಳಿಸುವುದು ಇದನ್ನೇ: ಬಳಗ ಸಿದ್ಧವಾಗಿ ಕಾದು ಕೂತಿರುವುದಿಲ್ಲ, ಎಲ್ಲರಿಗೂ ಬೇಕಾದ ಒಂದರ ಬಳಿ ಮತ್ತೆ ಮತ್ತೆ ಸೇರಿದಾಗ ಅದು ಬೆಳೆಯುತ್ತದೆ.

ತಮಿಳುನಾಡಿನ ತೇನಿ ಜಿಲ್ಲೆಯ ಕಂಬಂ ಕಣಿವೆಯ ಕಪ್ಪಿಲಿಯರು ಇದಕ್ಕೆ ಸಾಕ್ಷಿ. ಇವರು ಕನ್ನಡ ಮೂಲದ ಬೇಸಾಯಗಾರರು. ಕಂಬಂನಲ್ಲಿ ಇವರ ನಂದಗೋಪಾಲಸ್ವಾಮಿಗೆ ದನದ ಕೊಟ್ಟಿಗೆಯೇ ಗುಡಿ. ಹಿಂಡಿನ ಪಟ್ಟದ ಹೋರಿ ಸತ್ತರೆ ಮುಂದಿನದನ್ನು ಆರಿಸುವ ಬಗೆಯನ್ನು ಎಡ್ಗರ್ ಥರ್ಸ್ಟನ್ ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಬಗೆಗಿನ 1909ರ ತಮ್ಮ ಗ್ರಂಥದಲ್ಲಿ ದಾಖಲಿಸಿದ್ದಾರೆ. ದನಗಳನ್ನೆಲ್ಲ ಕೂಡಿಸಿ, ಕರ್ಪೂರ ಹಚ್ಚಿ, ಬಾಳೆಹಣ್ಣು, ವೀಳ್ಯದೆಲೆ ಅರ್ಪಿಸಿ, ಎದುರಿಗೆ ಕಬ್ಬಿನ ಕಟ್ಟು ಇಟ್ಟು ಕಾಯುತ್ತಾರೆ. ಯಾವ ಹೋರಿ ತಾನಾಗಿ ಬಂದು ಕಬ್ಬಿಗೆ ಬಾಯಿ ಹಾಕುತ್ತದೋ ಅದಕ್ಕೆ ಅರಿಸಿನ, ಕುಂಕುಮ, ಹೂಮಾಲೆ. ಮುಂದೆ ಬಂದ ಹೆಜ್ಜೆಯೇ ಇಲ್ಲಿ ಲೆಕ್ಕಕ್ಕೆ ಬರುವುದು. ಹೀಗೆ ಎಲ್ಲರೊಡನೆ ಸೇರಿದರೆ ತನ್ನತನ ಕರಗಿಹೋಗದೇ ಎಂದು ಕೇಳಬಹುದು. 1895ರಿಂದ ಪೆರಿಯಾರ್ ಅಣೆಕಟ್ಟಿನ ನೀರು ಘಟ್ಟದ ಸುರಂಗ ದಾಟಿ ಈ ಕಣಿವೆಗೆ ಹರಿಯುತ್ತಿದೆ. ಆ ನೀರನ್ನು ತಮಿಳರೊಡನೆ ಹಂಚಿಕೊಳ್ಳಲು ಕಪ್ಪಿಲಿಯರು ಮನೆಮಾತಾದ ಕನ್ನಡವನ್ನು ಬಿಡಬೇಕಾಗಲಿಲ್ಲ.

ಅದೇ ಘಟ್ಟದಾಚೆ, ಕೊಚ್ಚಿಯ ಯೆಹೂದಿಗಳ ಪದ್ಧತಿ ಈ ಮಾತಿಗೆ ಒಂದು ಸಂಖ್ಯೆಯನ್ನೇ ಕೊಟ್ಟಿದೆ. ಹತ್ತು ಜನ ವಯಸ್ಕರು ಕೂಡದೆ ಕೆಲವು ಪ್ರಾರ್ಥನೆಗಳು ನಡೆಯುವುದಿಲ್ಲ. ಆ ಕೂಟವೇ ಮಿನ್ಯಾನ್. ಹಳೆಯ ಕ್ರಮದಲ್ಲಿ ಗಂಡಸರನ್ನಷ್ಟೇ ಎಣಿಸುತ್ತಾರೆ, ಲೋಕದ ಹಲವು ಸಭೆಗಳಲ್ಲಿ ಈಗ ಹೆಂಗಸರನ್ನೂ ಎಣಿಸುತ್ತಾರೆ. ಒಂಬತ್ತು ಪಂಡಿತರು ಇದ್ದರೂ ಸಾಲದು. ಹತ್ತನೆಯವನಾಗಿ ಬಂದ ಸಾಮಾನ್ಯನಿಂದ ಅದು ತುಂಬುತ್ತದೆ. ಆದರೆ ಬಾವಿಕಟ್ಟೆಯಲ್ಲೇ ತಡೆದರೆ? ಈ ಆಕ್ಷೇಪವನ್ನು ಹಗುರವಾಗಿ ತಳ್ಳುವಂತಿಲ್ಲ. ನಮ್ಮ ಎಷ್ಟೋ ಊರುಗಳ ಬಾವಿಗಳು ದಲಿತರಿಗೆ ಮುಚ್ಚಿದ್ದವು. 1568ರಲ್ಲಿ ಕಟ್ಟಿದ ಕೊಚ್ಚಿಯ ಯೆಹೂದಿ ಪ್ರಾರ್ಥನಾಮಂದಿರವಾದ ಪರದೇಶಿ ಸಿನಗಾಗ್‌ನಲ್ಲೂ, ಬಿಡುಗಡೆಯಾದ ದಾಸರ ವಂಶದವರೆಂದು ಕೆಲವರಿಗೆ ಬೆಂಚಿನ ಮೇಲೆ ಜಾಗವಿರಲಿಲ್ಲ. ಆ ಗುಂಪಿನಲ್ಲೇ ಹುಟ್ಟಿದ ವಕೀಲ ಎ. ಬಿ. ಸೇಲಂ ಸಮಾನ ಹಕ್ಕಿಗಾಗಿ ಸತ್ಯಾಗ್ರಹ ಹೂಡಿದರು, ಭೇದ ಮೆಲ್ಲಮೆಲ್ಲನೆ ಸಡಿಲಾಯಿತು. 1927ರಲ್ಲಿ ಅಂಬೇಡ್ಕರರು ಮಹಾಡದ ಕೆರೆಗಿಳಿದು ನೀರು ಕುಡಿದದ್ದೂ ಇದೇ ನ್ಯಾಯಕ್ಕಾಗಿ. ಒಬ್ಬರು ಹೋರಾಡಿದ್ದು ಪ್ರಾರ್ಥನೆಯ ಸಭೆಯಲ್ಲಿ, ಇನ್ನೊಬ್ಬರು ನೀರಿನ ಬಳಿಯೇ. ತಡೆದವರು ಗಾದೆಯನ್ನು ಮುರಿದರು. ಇವರು ಅದನ್ನು ಉಳಿಸಿದರು.

ಹಾಗಾದರೆ ಸಿಕ್ಕಿದ ಸಭೆಗೇ ಒಗ್ಗಿಕೊಳ್ಳಬೇಕೇ? ಬೇಡ. ಅವಮಾನಿಸುವ ಕಡೆ, ಮನಸ್ಸೊಪ್ಪದ ಪ್ರಾರ್ಥನೆಯ ಕಡೆ ತಲೆಬಾಗಿ ಕೂರಬೇಕೆಂದು ಗಾದೆ ಹೇಳುವುದಿಲ್ಲ. ಹುಡುಕುವ ಹಕ್ಕು ಎಲ್ಲರಿಗೂ ಇದೆ. ಹುಡುಕುವಾಗಿನ ಅಳತೆ ಮಾತ್ರ ಸರಿಯಿರಬೇಕು. ಇವರು ನನ್ನಂತೆಯೇ ಇದ್ದಾರೆಯೇ ಎಂಬುದಕ್ಕಿಂತ, ನಾನು ಬಾರದಿದ್ದರೆ ಇಲ್ಲಿ ಏನಾದರೂ ಕೊರತೆಯಾಗುತ್ತದೆಯೇ ಎಂಬುದು ದೊಡ್ಡದು. ಸಭೆಯ ಪಾಲಿನ ಹೊಣೆಯೂ ಇದೆ. ಬಹುಪಾಲು ಜನ ಇಸ್ರೇಲಿಗೆ ಹೋದ ಮೇಲೆ ಕೊಚ್ಚಿಯ ಅದೇ ಸಿನಗಾಗ್‌ನಲ್ಲಿ ಹತ್ತು ಜನ ಕೂಡುವುದೇ ಕಷ್ಟವಾಯಿತು. ಬಂದವರನ್ನು "ಯಾರ ಮನೆಯವರು?" ಎಂದು ಕೇಳುವುದರಲ್ಲೇ ನಿಂತ ಸಭೆಗೆ, "ನಿನ್ನೆ ಯಾಕೆ ಬರಲಿಲ್ಲ?" ಎಂದು ಕೇಳಲು ಒಂದು ದಿನ ಜನರೇ ಇರುವುದಿಲ್ಲ.