ಪರರ ಸಾಲ, ತನ್ನ ಕೊರಳು

ಜಪಾನಿನ ಎಂಕಾ ಹಾಡುಗಳಲ್ಲಿ ಕಣ್ಣೀರಿಗೆ ಬರವಿಲ್ಲ. ಕೈಬಿಟ್ಟ ಪ್ರಿಯಕರ, ಬಿಟ್ಟುಬಂದ ಊರು, ಅಮ್ಮನ ನೆನಪು. ಕಿಮೊನೊ ಉಟ್ಟ ಗಾಯಕಿ ಸಾಲಿನ ಕೊನೆಯ ಸ್ವರವನ್ನು ತುಸು ನಡುಗಿಸಿದರೆ ಸಾಕು, ಸಭೆಯ ಕಣ್ಣು ಒದ್ದೆಯಾಗುತ್ತದೆ. ಆ ನಡುಕದಲ್ಲಿ ಶಿಮಾಕುರಾ ಚಿಯೋಕೊ ಅವರನ್ನು ಮೀರಿಸಿದವರು ಕಡಿಮೆ. 1938ರಲ್ಲಿ ಟೋಕಿಯೊದಲ್ಲಿ ಹುಟ್ಟಿದ ಆಕೆ 1955ರಲ್ಲಿ ಮೊದಲ ಹಾಡಿಗೇ ಮನೆಮಾತಾದರು. ವರ್ಷದ ಕೊನೆಯ ರಾತ್ರಿ ಅಲ್ಲಿನ ಪ್ರಸಾರ ಸಂಸ್ಥೆ ಎನ್‌ಎಚ್‌ಕೆ ನಡೆಸುವ ‘ಕೋಹಾಕು’ ಕಾರ್ಯಕ್ರಮದಲ್ಲಿ 1957ರಿಂದ 1986ರವರೆಗೆ ಒಂದು ವರ್ಷವೂ ತಪ್ಪದೆ ಹಾಡಿದರು.

ನನ್ನನ್ನು ಹೆಚ್ಚು ಕಾಡುವುದು ಆಕೆ ಕಾಗದದ ಮೇಲೆ ಒತ್ತಿದ ಮುದ್ರೆ.

ಮೆಚ್ಚಿನ ಗಾಯಕರತ್ತ ಬಣ್ಣದ ಕಾಗದದ ಸುರುಳಿ ಎಸೆಯುವುದು ಆಗ ಅಲ್ಲಿನ ಅಭಿಮಾನಿಗಳ ರೂಢಿಯಾಗಿತ್ತು. 1961ರಲ್ಲಿ ಹಾಗೆ ತೂರಿಬಂದ ಸುರುಳಿಯೊಂದು ಆಕೆಯ ಕಣ್ಣಿಗೆ ಬಡಿಯಿತು. ದೃಷ್ಟಿಯೇ ಹೋಗುವಂತಾಯಿತು. ಪ್ರೀತಿಯಿಂದ ಎಸೆದದ್ದೂ ಗಾಯ ಮಾಡುತ್ತದೆ, ನೋಡಿ. ಕಣ್ಣು ಉಳಿಸಿಕೊಟ್ಟವರು ಒಬ್ಬ ವೈದ್ಯರು. ಮುಂದೆ ಆ ವೈದ್ಯರು ಹಣದ ಮುಗ್ಗಟ್ಟಿಗೆ ಸಿಕ್ಕಾಗ ಅವರ ಸಾಲಪತ್ರಗಳಿಗೆ ಚಿಯೋಕೊ ಜಾಮೀನು ನಿಂತರು. ಜಪಾನಿನಲ್ಲಿ ಇಂಥ ಪತ್ರಗಳಿಗೆ ಸಹಿಯ ಜಾಗದಲ್ಲಿ ಒತ್ತುವುದು ನೋಂದಾಯಿತ ಮುದ್ರೆ. ಒತ್ತಲು ಒಂದು ಕ್ಷಣವೂ ಬೇಡ. ತಲೆಯ ಮೇಲೆ ಬಂದ ಸಾಲ ನೂರು ಕೋಟಿ ಯೆನ್ ದಾಟಿತ್ತು.

ಮಾಡಿದ್ದುಣ್ಣೋ ಮಾರಾಯ ಅನ್ನುತ್ತೇವೆ. ಈಕೆ ಉಂಡದ್ದು ಬೇರೆಯವರು ಮಾಡಿದ್ದನ್ನು. ವರ್ಷಗಟ್ಟಲೆ ಊರೂರು ಸುತ್ತಿ, ಸಿಕ್ಕ ವೇದಿಕೆಯಲ್ಲೆಲ್ಲ ಹಾಡಿ ತೀರಿಸಿದರು.

ಇಂಥವರನ್ನು ದೇವತೆಯ ಪೀಠಕ್ಕೆ ಏರಿಸುವುದು ಸುಲಭ. ನನಗೆ ಅದು ಒಪ್ಪಿಗೆಯಿಲ್ಲ. ಉಪಕಾರ ಮಾಡಿದವರ ಮುಂದೆ ‘ಆಗೊಲ್ಲ’ ಅನ್ನುವ ಗಟ್ಟಿತನ ನಮ್ಮಲ್ಲಿ ಬಹಳ ಜನಕ್ಕಿಲ್ಲ. ಎಷ್ಟು, ಯಾಕೆ ಎಂದು ವಿಚಾರಿಸುವುದೂ ಕೃತಘ್ನತೆಯಂತೆ ಕಾಣುತ್ತದೆ. ಮುದ್ರೆ ಒತ್ತಿದ್ದು ಆ ದೌರ್ಬಲ್ಯ. ಅದನ್ನು ಔದಾರ್ಯವೆಂದು ಹೊಗಳಿದರೆ ಜಾಮೀನು ನಿಂತು ಮನೆ ಕಳೆದುಕೊಂಡವರೆಲ್ಲರಿಗೂ ನಾವು ಸುಳ್ಳು ಸಮಾಧಾನ ಹೇಳಿದಂತೆ. ಹೊಗಳಬೇಕಾದ್ದು ಆಮೇಲಿನದು: ಕೊಟ್ಟ ಮಾತಿನಿಂದ ನುಣುಚಿಕೊಳ್ಳದೆ, ದುಡಿಮೆ ಬಿಡದೆ ನಿಂತದ್ದು.

1987ರಲ್ಲಿ ಬಂದ ಆಕೆಯ ‘ಜಿನ್‌ಸೇ ಇರೋಇರೋ’ ಅಳುವ ಹಾಡಲ್ಲ, ಕುಣಿಸುವ ಹಾಡು. ಮಿಮಿಕ್ರಿಯವರು ಟೀವಿಯಲ್ಲಿ ಆಕೆಯನ್ನು ಅನುಕರಿಸಿ ನಗಿಸಿದ್ದರಿಂದ ಅದು ಹುಡುಗರ ಬಾಯಿಗೂ ಬಿತ್ತು. ಐವತ್ತರ ಹೊಸ್ತಿಲಲ್ಲಿ ಮತ್ತೆ ಗೆಲುವು. ಆಮೇಲೆ ಸ್ತನ ಕ್ಯಾನ್ಸರ್, ಕೊನೆಗೆ ಯಕೃತ್ತಿನ ಕ್ಯಾನ್ಸರ್.

2013ರ ನವೆಂಬರ್ 8ರಂದು, 75ನೇ ವಯಸ್ಸಿನಲ್ಲಿ ತೀರಿಕೊಂಡರು. ಅದಕ್ಕೆ ಮೂರು ದಿನ ಮೊದಲು ಮನೆಗೇ ಧ್ವನಿಮುದ್ರಣದ ಸಲಕರಣೆ ತರಿಸಿ ಒಂದು ಹೊಸ ಹಾಡು ಹಾಡಿದ್ದರು. ಅದನ್ನು ಹಾಡಿಸಲು ಸಾಲ ಕೊಟ್ಟ ಯಾರೂ ಬಂದು ಬಾಗಿಲು ಬಡಿದಿರಲಿಲ್ಲ.