ಬಣ್ಣದ ಕೆಳಗಿನ ಬೆಸುಗೆ

ಗುಜರಿ ಲಾರಿಯ ಹಿಂದಿನ ಆಕ್ಸಲ್ಲಿಗೂ ಹೆಂಗಸರಿಗೂ ಏನು ಸಂಬಂಧ ಎನ್ನಬೇಡಿ. ನಮ್ಮ ಮನೆಯ ಒಲೆ ಉರಿದದ್ದೇ ಲಾರಿಯಿಂದ. ನೋಡಿ ನೋಡಿ ನನಗೂ ಒಂದಿಷ್ಟು ತಿಳಿದಿದೆ. ಕ್ರೌನಿಗೆ 41 ಹಲ್ಲು, ಪಿನಿಯನ್ನಿಗೆ 6 ಇದ್ದರೆ ಅನುಪಾತ 6.83, ಅದು ನಮ್ಮ ಗಾಡಿಯದಕ್ಕೆ ಹೊಂದಬೇಕು. ಆಯಿಲ್ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಹೊಕ್ಕಿದೆ. ಲೋಹದ ಚೂರು ಮಿನುಗಿದರೆ ಬಿಟ್ಟು ಬರುವುದೇ ಲೇಸು. ಹೌಸಿಂಗಿನದೇ ಕಷ್ಟ. ಒಳಗಿನ ಶಾಫ್ಟ್ ಚಕ್ರ ತಿರುಗಿಸುತ್ತದೆ, ಹೇರಿನ ಭಾರ ಹೊರುವುದು ಮಾತ್ರ ಈ ಹೊರಗಿನ ಕವಚ. (ಮನೆಗಳಲ್ಲೂ ಹಾಗೆಯೇ, ಬಿಡಿ.)

ಒಮ್ಮೆ ತಂತಿ ಬ್ರಷ್ಷಿನಿಂದ ಉಜ್ಜಿಸಿದಾಗ ಹೊಸ ಕಪ್ಪು ಬಣ್ಣದ ಕೆಳಗೆ ಬಿರುಕಿನ ಬೆಸುಗೆ ಕಂಡಿತು. “ನೀವು ಕೇಳಲಿಲ್ಲ, ನಾನು ಹೇಳಲಿಲ್ಲ. ಸುಳ್ಳೆಲ್ಲಿ ಬಂತಮ್ಮಾ?” ಎಂದರು ಗುಜರಿಯವರು. 1872ರ ಕರಾರು ಕಾಯಿದೆಯೂ ಬರೀ ಮೌನವನ್ನು ಸಾಮಾನ್ಯವಾಗಿ ಮೋಸವೆನ್ನುವುದಿಲ್ಲ. ತಿಳಿದೂ ಮರೆಮಾಚಿದರೆ ಮೋಸವೆನ್ನುತ್ತದೆ. ಬಣ್ಣ ಬಳಿದದ್ದು ಮೌನವೇ, ಮರೆಮಾಚುವಿಕೆಯೇ? ವಕೀಲರು ಅದನ್ನು ವಾದಿಸಲಿ. ನನ್ನ ತಕರಾರೇ ಬೇರೆ. ಮೋಸಹೋಗುವುದು ಕೊಂಡವರೊಬ್ಬರೇ ಆಗಿದ್ದರೆ ಕಣ್ಣಿಟ್ಟು ನೋಡಿಕೊಳ್ಳಲಿ ಎನ್ನಬಹುದು. ಶಿರಾಡಿ ಘಾಟಿಯಲ್ಲಿ ಆ ಲಾರಿಯ ಹಿಂದೆ ಬರುವ ಬಸ್ಸಿನವರು ಯಾರ ಹತ್ತಿರ ಚೌಕಾಸಿ ಮಾಡಿದ್ದರು?

“ಅಣ್ಣಾ, ಅವರು ಯಾರನ್ನು ಕೇಳಬೇಕಿತ್ತು?” ಎಂದೆ. ಅವರು ಉತ್ತರ ಕೊಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಮೂಲೆಯಲ್ಲಿದ್ದ, ಬಣ್ಣ ಕಾಣದ, ತುಕ್ಕು ಹಿಡಿದ ಇನ್ನೊಂದನ್ನು ತಾವೇ ತೋರಿಸಿದರು.