ಪಾಟಾ ಹಾಕಿಸುವ ಮಾತು

ಹಾವೇರಿ ಜಿಲ್ಲೆಯ ರಸ್ತೆಗಳಲ್ಲಿ ಓಡಾಡುವವರಿಗೆ ಪಿಕಪ್ ಗಾಡಿಯ ಬೆನ್ನು ನೋಡಿದರೆ ಸಾಕು, ಯಾವ ಹಂಗಾಮು ಎಂದು ತಿಳಿಯುತ್ತದೆ. ಸವಣೂರಿನ ವೀಳ್ಯದೆಲೆ ತುಂಬಿದ ಗಾಡಿ ಹಗುರಾಗಿ ಹೋಗುತ್ತದೆ. ಹಾನಗಲ್ಲ ಸೀಮೆಯ ಮಾವಿನಕಾಯಿ ಹೊತ್ತದ್ದು ತುಸು ಬಾಗಿರುತ್ತದೆ. ಹಿರೇಕೆರೂರ ಕಡೆಯಿಂದ ಗೋವಿನಜೋಳದ ಚೀಲ ಹೇರಿಕೊಂಡು ಬರುವ ಗಾಡಿಯಂತೂ ಮೂಗು ಮೇಲೆತ್ತಿ, ಹಿಂದೆ ಕುಸಿದು, ದಿನ ತುಂಬಿದ ಬಸುರಿಯ ಹಾಗೆ ನಿಧಾನವಾಗಿ ಬರುತ್ತದೆ. ಮದುವೆಯ ದಿನಗಳಲ್ಲಿ ಇನ್ನೊಂದು ಬಗೆಯದು ಕಾಣುತ್ತದೆ: ಮೈತುಂಬ ಶಾಮಿಯಾನದ ಕಂಬ, ಹಂಡೆ, ಕೊಪ್ಪರಿಗೆ, ಹಿಂದೆ ಕೊಕ್ಕೆಗೆ ಸಿಕ್ಕಿಸಿದ ಎರಡು ಗಾಲಿಯ ಜನರೇಟರ್.

ಶಿಗ್ಗಾಂವಿಯಲ್ಲಿರುವ ನನ್ನ ತಂಗಿಯ ಮಗನದು ಇಂಥದೇ ಗಾಡಿ. ಜನರೇಟರ್ ಸಿಕ್ಕಿಸಿದ ಕೂಡಲೇ ಗಾಡಿ ಹಿಂದೆ ಕೂತುಬಿಡುತ್ತದೆ. ಮುಂದಿನ ದೀಪ ಮೇಲೆದ್ದು ಎದುರಿನವರ ಕಣ್ಣಿಗೆ ಹೊಡೆಯುತ್ತದೆ, ಅವರು ಬೈದು ಹೋಗುತ್ತಾರೆ. ಸ್ಟೇರಿಂಗ್ ಹಗುರಾಗಿ ಗಾಡಿ ಹೇಳಿದ ಮಾತು ಕೇಳುವುದಿಲ್ಲ. “ಎರಡು ಪಾಟಾ ಹೆಚ್ಚಿಗಿ ಹಾಕಿಸಿ ಹಿಂದ ಎತ್ತಿಸಿದ್ರ ಎಲ್ಲಾ ಅಡ್ಜಸ್ಟ್ ಆಗ್ತದ, ದೊಡ್ಡವ್ವಾ” ಎಂದ.

ಆ ಅಡ್ಜಸ್ಟ್ ಎಂಬ ಶಬ್ದ ನನ್ನ ಕಿವಿಯಲ್ಲಿ ಉಳಿಯಿತು. ಓದು ಬಾರದ ಹೆಣ್ಣುಮಕ್ಕಳಿಗೂ ಈ ಒಂದು ಇಂಗ್ಲಿಷ್ ಶಬ್ದ ಚೆನ್ನಾಗಿ ಬರುತ್ತದೆ. ಗಂಡನ ಮನೆಗೆ ಕಳಿಸುವಾಗ ಉಡಿಯಕ್ಕಿಯ ಜೊತೆಗೆ ಇದನ್ನೂ ಹಾಕಿ ಕಳಿಸಿರುತ್ತಾರಲ್ಲ!

ಪಾಟಾ ಎಂದರೆ ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳ ಕಟ್ಟು. ಭಾರ ಬಿದ್ದಾಗ ಬಿಲ್ಲು ಚಪ್ಪಟೆಯಾಗುತ್ತದೆ, ಇಳಿದಾಗ ಮತ್ತೆ ಬಾಗುತ್ತದೆ. ಗಾಡಿಯ ಹಿಂಭಾಗ ಎತ್ತರಿಸಬೇಕಾದರೆ ಸೋತ ಪಟ್ಟಿಗಳನ್ನು ಬಡಿಸಿ ಮತ್ತೆ ಬಾಗು ಕೊಡಿಸಬಹುದು, ಇಲ್ಲವೆ ಹೊಸ ಪಟ್ಟಿ ಸೇರಿಸಬಹುದು. ಅಮೆರಿಕದಂಥ ದೇಶಗಳಲ್ಲಿ ಅಲ್ಲಿಯೇ ಗಾಳಿ ತುಂಬುವ ರಬ್ಬರಿನ ಚೀಲ ಕೂಡಿಸಿಕೊಳ್ಳುವವರೂ ಇದ್ದಾರೆ. ಭಾರ ಇದ್ದಾಗ ಗಾಳಿ ತುಂಬುವುದು, ಇಳಿದ ಮೇಲೆ ಬಿಡುವುದು. ನಮ್ಮಲ್ಲಿ ಒಮ್ಮೆ ಹಾಕಿದ ಪಾಟಾ ಹಾಕಿದ್ದೇ.

ಹಾನಗಲ್ಲಿನ ವಯಸ್ಸಾದ ಮಿಸ್ತ್ರಿಯೊಬ್ಬರ ಹತ್ತಿರ ಗಾಡಿ ಒಯ್ದಾಗ ನಾನೂ ಜೊತೆಗಿದ್ದೆ. ಅವರು ಸುತ್ತಿಗೆ ಮುಟ್ಟಲಿಲ್ಲ. ಗಾಡಿಯೊಳಗಿನ ಸಾಮಾನೆಲ್ಲ ಇಳಿಸಲು ಹೇಳಿ, ಹಂಡೆ ಕೊಪ್ಪರಿಗೆಗಳನ್ನು ಡ್ರೈವರನ ಬೆನ್ನಿಗೆ ಹತ್ತಿಸಿ ಇಡಿಸಿದರು, ಬಟ್ಟೆಯ ಗಂಟುಗಳನ್ನು ಹಿಂದಕ್ಕೆ ಹಾಕಿಸಿದರು. ಅಷ್ಟಕ್ಕೇ ಗಾಡಿ ಒಂದಿಷ್ಟು ಎದ್ದಿತು. ಆಮೇಲೆ ನೆಲದ ಮೇಲೆ ಗೆರೆ ಎಳೆದು ಲೆಕ್ಕ ತೋರಿಸಿದರು. ಮುಂದಿನ ಗಾಲಿಗೂ ಹಿಂದಿನ ಗಾಲಿಗೂ 3 ಮೀಟರ್, ಹಿಂದಿನ ಗಾಲಿಯಿಂದ ಕೊಕ್ಕೆ 1 ಮೀಟರ್ ಆಚೆ ಎಂದಿಟ್ಟುಕೊಳ್ಳಿ. ಕೊಕ್ಕೆಯ ಮೇಲೆ 100 ಕಿಲೋ ಕೂತರೆ ಹಿಂದಿನ ಗಾಲಿಗಳಿಗೆ 133 ಕಿಲೋ ಬೀಳುತ್ತದೆ. ಹೆಚ್ಚಿನ 33 ಕಿಲೋ ಮುಂದಿನ ಗಾಲಿಗಳಿಂದ ಎತ್ತಿಕೊಂಡದ್ದು. ಗಾಡಿ ಮಾತು ಕೇಳದಿರುವುದು ಅದಕ್ಕೇ.

ಚಕ್ಕಡಿ ಹೂಡಿದವರಿಗೆ ಇದು ಹೊಸದಲ್ಲ. ಹೇರು ಹಿಂದೆ ಹೆಚ್ಚಾದರೆ ನೊಗ ಮೇಲೆದ್ದು ಎತ್ತಿನ ಕೊರಳು ಬಿಗಿಯುತ್ತದೆ, ಮುಂದೆ ಹೆಚ್ಚಾದರೆ ಹೆಗಲು ಹುಣ್ಣಾಗುತ್ತದೆ. ಎತ್ತಿನ ಹೆಗಲು ಮುಟ್ಟಿ ನೋಡಿ ಹೇರು ಸರಿಸುತ್ತಿದ್ದರು. ಗಾಡಿಗೆ ಹೆಗಲಿಲ್ಲ, ಅದು ಕುಸಿಯುವುದೇ ಅದರ ಮಾತು.

ಮಿಸ್ತ್ರಿ ಕೊನೆಗೆ ತೋರಿಸಿದ್ದು ನನ್ನನ್ನು ಬಹಳ ದಿನ ಬಿಡಲಿಲ್ಲ. ಗಾಡಿಯ ಅಡಿಯಲ್ಲಿ ಹಿಂದಿನ ಅಚ್ಚಿಗೂ ಮೇಲಿನ ಚಾಸಿಗೂ ನಡುವೆ ಒಂದು ಸಣ್ಣ ಕಡ್ಡಿ ಇತ್ತು. ಎಲ್ಲ ಗಾಡಿಗಳಿಗೂ ಇರುವುದಿಲ್ಲವಂತೆ, ಇದಕ್ಕಿತ್ತು. ಹಿಂಭಾಗ ಎಷ್ಟು ಕುಸಿದಿದೆ ಎಂದು ಅಳೆದು, ಹಿಂದಿನ ಬ್ರೇಕಿಗೆ ಎಷ್ಟು ಒತ್ತಡ ಹೋಗಬೇಕೆಂದು ಅದು ನಿರ್ಧರಿಸುತ್ತದೆ. ಖಾಲಿ ಗಾಡಿಗೆ ಕಡಿಮೆ, ತುಂಬಿದ ಗಾಡಿಗೆ ಹೆಚ್ಚು. “ಪಾಟಾ ಏರಿಸಿ ಈ ಕಡ್ಡಿ ಹಂಗ ಬಿಟ್ರ, ಗಾಡಿ ತುಂಬಿದ್ರೂ ಇದು ಖಾಲಿ ಅಂತ ತಿಳಕೊಂತದ ಅಕ್ಕಾರ. ಬ್ರೇಕ್ ಕೈ ಕೊಡ್ತದ” ಎಂದರು. ಪಾಟಾ ಏರಿಸಿದರೆ ಅಚ್ಚು, ಟೈರು, ಬ್ರೇಕು ಇವುಗಳ ಶಕ್ತಿ ಒಂದು ಗುಂಜಿಯೂ ಏರುವುದಿಲ್ಲ. ಆರ್.ಸಿ. ಪುಸ್ತಕದಲ್ಲಿ ಬರೆದ ತೂಕವೂ ಬದಲಾಗುವುದಿಲ್ಲ. 2019ರ ತಿದ್ದುಪಡಿಯಾದ ಮೋಟಾರು ಕಾಯ್ದೆಯಲ್ಲಿ ಹೆಚ್ಚು ಹೇರಿದ್ದಕ್ಕೆ 20,000 ರೂಪಾಯಿ ದಂಡ, ಮೇಲೆ ಪ್ರತಿ ಟನ್ನಿಗೆ 2,000 ಎಂದಿದೆ. ಎದ್ದು ನಿಂತ ಗಾಡಿ ನೋಡಿ ಪೊಲೀಸರು ಸುಮ್ಮನಾಗಬಹುದು. ತೂಕ ಸುಮ್ಮನಾಗುವುದಿಲ್ಲ.

ನನಗೆ ನೆನಪಾದವರು ಹಿರೇಕೆರೂರಿನ ನಮ್ಮ ಸೋದರತ್ತೆ. ಹಾಸಿಗೆ ಹಿಡಿದ ಮಾವ, ಐದು ಮಕ್ಕಳು, ಹೊಲದ ಆಳುಗಳ ಬುತ್ತಿ, ಜಾತ್ರೆಗೆ ಬಂದ ನೆಂಟರು, ಎಲ್ಲವನ್ನೂ ಒಂದೇ ಮುಖದಲ್ಲಿ ಹೊತ್ತವರು. ಅತ್ತೆ ಕುಸಿದದ್ದನ್ನು ಯಾರೂ ನೋಡಿದ್ದಿಲ್ಲ. ಆದ್ದರಿಂದಲೇ ಪ್ರತಿಯೊಬ್ಬರೂ ತಮ್ಮ ಜನರೇಟರನ್ನು ತಂದು ಅವರ ಕೊಕ್ಕೆಗೆ ಸಿಕ್ಕಿಸಿದರು. “ಆಕಿಗೇನ ಆಗ್ತದ, ಗಟ್ಟಿ ಹೆಂಗಸು” ಎನ್ನುವುದು ಹೊಗಳಿಕೆಯೂ ಹೌದು, ಇನ್ನೊಂದು ಚೀಲ ಹೇರುವ ಮುನ್ನುಡಿಯೂ ಹೌದು. ಒಂದು ದಿನ ಬಚ್ಚಲ ಮನೆಯಲ್ಲಿ ಬಿದ್ದಾಗ ರಕ್ತ ಪರೀಕ್ಷೆ ಮಾಡಿಸಿದರು. 12 ಇರಬೇಕಾದ ಹಿಮೋಗ್ಲೋಬಿನ್ 6 ಇತ್ತು. ಮನೆಯವರು ಕೆಟ್ಟವರಲ್ಲ. ಅವರ ಕಡ್ಡಿಗೆ ಗಾಡಿ ಖಾಲಿ ಎಂದು ಕಂಡಿತ್ತು, ಅಷ್ಟೆ.

ಈಗ ಅತ್ತೆಗೆ ಭಾರವಿಲ್ಲ. ಮಕ್ಕಳೆಲ್ಲ ನೆಲೆ ಕಂಡಿದ್ದಾರೆ. ಆದರೂ ಮಧ್ಯಾಹ್ನ ಹತ್ತು ನಿಮಿಷ ಕೂಡುವುದಿಲ್ಲ. ತೊಳೆದ ಪಾತ್ರೆ ಮತ್ತೆ ತೊಳೆಯುತ್ತಾರೆ. ಹೆಚ್ಚಿನ ಪಾಟಾ ಹಾಕಿದ ಗಾಡಿ ಖಾಲಿ ಓಡುವಾಗ ಸಣ್ಣ ತಗ್ಗಿಗೂ ಹಾರಿ ಬೀಳುವುದನ್ನು ನೀವು ನೋಡಿರಬಹುದು.

ಇದನ್ನೆಲ್ಲ ತಂಗಿಯ ಮುಂದೆ ಹೇಳಿದರೆ ಆಕೆ ಸಿಡಿದಳು. “ಭಾರ ಕಡಿಮಿ ಮಾಡು ಅನ್ನೋದು ಸುಲಭ ಅಕ್ಕಾ. ಬ್ಯಾಂಕಿನ ಕಂತು ಯಾರ ಕಟ್ಟಬೇಕು?” ಮಾತು ನಿಜ. ಹೊರಲೇಬೇಕಾದ ಭಾರಗಳಿವೆ, ಎಲ್ಲವನ್ನೂ ಕೆಳಗಿಟ್ಟು ಹೋಗಲು ನಾವೇನು ಅಕ್ಕಮಹಾದೇವಿಯರಲ್ಲ. ಗಟ್ಟಿಯಾಗುವುದರಲ್ಲಿ ತಪ್ಪಿದೆ ಎಂದು ನನಗೆ ಅನಿಸುವುದಿಲ್ಲ. ಪಾಟಾ ಏರಿಸಿ ಕಡ್ಡಿಯನ್ನು ಹಾಗೇ ಬಿಡುವುದಕ್ಕೆ ಮಾತ್ರ ನನ್ನ ಒಪ್ಪಿಗೆಯಿಲ್ಲ. ಹೆಣ್ಣುಮಕ್ಕಳಿಗೆ ನಾವು ಕಲಿಸಿದ್ದು ಬಹುಪಾಲು ಅದನ್ನೇ: ಹೊರು, ಹೊತ್ತದ್ದು ಯಾರಿಗೂ ಕಾಣಬಾರದು. ಬೆನ್ನು ನೋಯುತ್ತದೆ ಎಂದು ಸೊಸೆ ಬಾಯಿಬಿಟ್ಟು ಹೇಳಿದರೆ ಅದನ್ನು ಗೊಣಗಾಟ ಎನ್ನುವವರು, ಕುಸಿದ ಗಾಡಿಯನ್ನು ಕಂಡರೆ ಮಾತ್ರ ಅಯ್ಯೋ ಎಂದು ಪಕ್ಕಕ್ಕೆ ಸರಿದು ದಾರಿ ಬಿಡುತ್ತಾರೆ.

ಮಿಸ್ತ್ರಿ ಎರಡರ ಬದಲು ಒಂದೇ ಪಾಟಾ ಹಾಕಿದರು. ಕಡ್ಡಿಯನ್ನು ಹೊಸ ಎತ್ತರಕ್ಕೆ ಹೊಂದಿಸಿ, ಗಾಡಿ ತುಂಬಿಸಿ, ಬ್ರೇಕು ಒತ್ತಿಸಿ ನೋಡಿದರು. ಕೊಪ್ಪರಿಗೆಗಳು ಇದ್ದ ದಿನ ಜನರೇಟರ್ ಎಳೆಯಬಾರದು, ಅದಕ್ಕೆ ಬೇರೆ ಟ್ರಿಪ್ಪು ಹೊಡೆಯಬೇಕು ಎಂದು ತಾಕೀತು ಮಾಡಿದರು. ಹುಡುಗ ಈಗ ಬಿಲ್ಲಿನಲ್ಲಿ “ಎರಡನೇ ಟ್ರಿಪ್ಪು” ಎಂದು ಬೇರೆ ಸಾಲು ಬರೆಯುತ್ತಾನೆ. ಸವಣೂರಿನ ಮದುವೆಯೊಂದರಲ್ಲಿ ಹೆಣ್ಣಿನ ತಂದೆ, ಹೋದ ವರ್ಷ ಇದು ಇರಲಿಲ್ಲವಲ್ಲ ಎಂದು ತಕರಾರು ತೆಗೆದರಂತೆ. ಹೋದ ವರ್ಷವೂ ಇತ್ತು, ಬರೆದಿರಲಿಲ್ಲ ಎಂದನಂತೆ ಇವನು. ಅವರು ಅರ್ಧ ಕೊಟ್ಟಿದ್ದಾರೆ. ಉಳಿದರ್ಧ ಇನ್ನೂ ಬರಬೇಕು.